ಬಹುಮಾನದ ಆಸೆಯೂ ವಿದ್ಯೆಯ ರುಚಿಯೂ

ಕೆಲವು ದಿನಗಳ ಹಿಂದೆ ನಮ್ಮ ಮನೆಯ ಎಂಟು ವರ್ಷದ ಬಾಲಕನ ಕೈಗೆ ಒಂದು ಕಥೆಯ ಪುಸ್ತಕವನ್ನಿತ್ತು, “ಓದಿ ನೋಡು, ಬಹು ಸೊಗಸಾಗಿದೆ” ಎಂದೆನು. ಅವನು ಪುಟವನ್ನು ತೆರೆಯುವುದಕ್ಕೆ ಮೊದಲೇ “ಓದಿದರೆ ಏನು ಕೊಡುವೆ, ತಾತಾ?” ಎಂದು ಕೇಳಿದನು. ಅದರಲ್ಲಿ ಅವನ ತಪ್ಪೇನೂ ಇಲ್ಲ. ಅವನ ಶಾಲೆಯಲ್ಲಿ ಪಾಠವೊಪ್ಪಿಸಿದವರಿಗೆ ಒಂದು ನಕ್ಷತ್ರದ ಚೀಟಿ. ಅಂತಹ ಹತ್ತು ಚೀಟಿಗಳು ಕೂಡಿದರೆ ಒಂದು ಬಣ್ಣದ ಪೆನ್ಸಿಲು. ದೊಡ್ಡವರು ಕಲಿಸಿದ ವ್ಯಾಪಾರವನ್ನು ಹುಡುಗನು ಚೆನ್ನಾಗಿ ಕಲಿತಿದ್ದನು, ಅಷ್ಟೆ.

ಈ ಪದ್ಧತಿಯನ್ನು ನಡೆಸುವ ಉಪಾಧ್ಯಾಯರ ಉದ್ದೇಶವು ಒಳ್ಳೆಯದೇ. ಐವತ್ತು ಮಕ್ಕಳಿರುವ ತರಗತಿಯಲ್ಲಿ ಬೆತ್ತವನ್ನು ಕೆಳಗಿಟ್ಟ ಮೇಲೆ ಮತ್ತೇನನ್ನು ಕೈಗೆತ್ತಿಕೊಳ್ಳಬೇಕೆಂಬುದು ಅವರಿಗೆ ನಿಜವಾದ ಕಷ್ಟ. ಬೆತ್ತಕ್ಕಿಂತ ಬೆಲ್ಲವು ಮೇಲೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬೆಲ್ಲವು ಮಗುವಿನ ಅಂತರಂಗದಲ್ಲಿ ಏನು ಮಾಡುತ್ತದೆಂಬುದನ್ನು ಗೃಹಸ್ಥರಾದ ನಾವು ವಿಚಾರಿಸಿ ನೋಡುವುದು ಅವಶ್ಯವಾಗಿದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ಶಿಶುವಿಹಾರದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿ 1973ರಲ್ಲಿ ಪ್ರಕಟಿಸಿದರು. ಬಣ್ಣದ ಲೇಖನಿಗಳಿಂದ ಚಿತ್ರ ಬರೆಯುವುದರಲ್ಲಿ ಸ್ವಭಾವತಃ ಆಸಕ್ತಿಯಿದ್ದ 51 ಮಕ್ಕಳನ್ನು ಅವರು ಆರಿಸಿಕೊಂಡು ಮೂರು ಗುಂಪು ಮಾಡಿದರು. ಚಿತ್ರ ಬರೆದರೆ ಚಿನ್ನದ ನಕ್ಷತ್ರವೂ ಕೆಂಪು ಪಟ್ಟಿಯೂ ಇರುವ ಪ್ರಶಸ್ತಿಪತ್ರವು ದೊರೆಯುವುದೆಂದು ಒಂದು ಗುಂಪಿಗೆ ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಏನನ್ನೂ ಹೇಳದೆ, ಬರೆದಾದ ಮೇಲೆ ಅದೇ ಪತ್ರವನ್ನು ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರಗಳ ತರುವಾಯ ಲೇಖನಿಗಳನ್ನು ಮಕ್ಕಳ ಮುಂದಿರಿಸಿ, ಯಾವ ಒತ್ತಾಯವೂ ಇಲ್ಲದ ವೇಳೆಯಲ್ಲಿ ಮರೆಯಿಂದ ನೋಡಿದರು. ಬಹುಮಾನದ ಮಾತು ಕೊಟ್ಟು ಬರೆಯಿಸಿದ ಮಕ್ಕಳು ಇತರರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು! ಬಹುಮಾನಕ್ಕಾಗಿ ಅವರು ಬರೆದ ಚಿತ್ರಗಳು ಗುಣದಲ್ಲಿಯೂ ಕಡಮೆಯಾಗಿದ್ದುವು.

ಇಲ್ಲಿ ಸೂಕ್ಷ್ಮವೊಂದುಂಟು. ಎರಡನೆಯ ಗುಂಪಿನವರಿಗೂ ಅದೇ ಪತ್ರವು ದೊರೆತಿತ್ತು; ಆದರೆ ಅವರ ಆಸಕ್ತಿಯು ಕುಂದಲಿಲ್ಲ. ಆದುದರಿಂದ ಕೆಡಿಸಿದುದು ಬಹುಮಾನವಲ್ಲ, ಕರಾರು. “ಇದನ್ನು ಮಾಡಿದರೆ ಅದನ್ನು ಕೊಡುವೆ” ಎಂದಾಗ ನಾವು ತಿಳಿಯದೆಯೇ ಮಗುವಿಗೆ ಇನ್ನೊಂದು ಮಾತನ್ನೂ ಹೇಳಿದಂತಾಯಿತು: “ಇದು ತನ್ನಷ್ಟಕ್ಕೆ ಮಾಡತಕ್ಕ ಕೆಲಸವಲ್ಲ.” ಮಗುವು ಆ ಮಾತನ್ನು ನಂಬುತ್ತದೆ.

ಹಾಗಾದರೆ ಬಹುಮಾನವು ಸರ್ವಥಾ ನಿಷ್ಫಲವೆ? ಹಾಗೆನ್ನುವುದು ನ್ಯಾಯವಲ್ಲ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ ಎಂಬವರು 2007ರಿಂದ ಮುಂದಕ್ಕೆ ಆ ದೇಶದ ಕೆಲವು ನಗರಗಳ ಶಾಲೆಗಳಲ್ಲಿ ಮಕ್ಕಳಿಗೆ ಹಣವನ್ನೇ ಕೊಟ್ಟು ನೋಡಿದರು. ನ್ಯೂಯಾರ್ಕಿನಲ್ಲಿ ಪರೀಕ್ಷೆಯ ಅಂಕಗಳಿಗೆ ಹಣ. ಏಳನೆಯ ತರಗತಿಯವರಿಗೆ ಒಂದೊಂದು ಪರೀಕ್ಷೆಗೆ 50 ಡಾಲರುಗಳವರೆಗೆ. ಫಲವು ಶೂನ್ಯಪ್ರಾಯವಾಯಿತು. ಡಲಾಸಿನಲ್ಲಿಯಾದರೋ ಎರಡನೆಯ ತರಗತಿಯ ಮಕ್ಕಳಿಗೆ ಓದಿದ ಪುಸ್ತಕವೊಂದಕ್ಕೆ 2 ಡಾಲರು. ಅಲ್ಲಿ ಓದಿ ಅರ್ಥಮಾಡಿಕೊಳ್ಳುವ ಶಕ್ತಿಯು ಹೆಚ್ಚಿತು. ಪುಸ್ತಕವನ್ನು ಓದುವುದು ಮಗುವಿನ ಕೈಯಲ್ಲಿರುವ ಕೆಲಸ, ಅಂಕವು ಹಾಗಲ್ಲ. ಹೆಚ್ಚು ಅಂಕ ಪಡೆಯಲು ಏನು ಮಾಡುವಿರೆಂದು ಕೇಳಿದಾಗ, ನ್ಯೂಯಾರ್ಕಿನ ಮಕ್ಕಳು ಪ್ರಶ್ನೆಯನ್ನು ಗಮನವಿಟ್ಟು ಓದುವುದೇ ಮೊದಲಾದ ಪರೀಕ್ಷೆಯ ಉಪಾಯಗಳನ್ನು ಹೇಳಿದರೇ ಹೊರತು, ಗುರುಗಳ ಬಳಿ ಹೋಗಿ ಕೇಳುವೆವೆಂದು ಹೇಳಿದವರು ವಿರಳ. ದಾರಿಯನ್ನೇ ಕಾಣದವನಿಗೆ ಊರಿನಲ್ಲಿ ಔತಣವಿದೆಯೆಂದು ಹೇಳಿದರೆ ಏನು ಪ್ರಯೋಜನ? ನನ್ನ ಅಭಿಪ್ರಾಯದಲ್ಲಿ, ಓದಿನ ರುಚಿಯನ್ನೇ ಅರಿಯದ ಮಗುವಿಗೆ ಮೊದಲ ತುತ್ತಿನೊಡನೆ ಬೆಲ್ಲವನ್ನಿಟ್ಟರೆ ದೋಷವಿಲ್ಲ. ರುಚಿ ಹತ್ತಿದ ಮಗುವಿಗೂ ಇಡುತ್ತ ಹೋಗುವುದೇ ಅನರ್ಥ.

ಆಯ್ದಕ್ಕಿ ಮಾರಯ್ಯನ ವೃತ್ತಾಂತವು ವಾಚಕರೆಲ್ಲರಿಗೂ ತಿಳಿದುದೇ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಕಳುಹಿದಳಷ್ಟೆ. ನಿತ್ಯದ ಅಕ್ಕಿಯನ್ನು ಆಕೆಯು ಬೇಡವೆನ್ನಲಿಲ್ಲ. ಕಾಯಕಕ್ಕೆ ಫಲವಿರಬಾರದೆಂದು ಶರಣರು ಹೇಳಿದವರಲ್ಲ. ಆಸೆಯು ಕಾಯಕದ ಒಡೆಯನಾಗಬಾರದೆಂದು ಆಕೆ ಕಂಡಳು. ಓದು ವಿದ್ಯಾರ್ಥಿಯ ಕಾಯಕವೆಂದು ನಾವು ಮಕ್ಕಳಿಗೆ ಹೇಳುವುದುಂಟು. ಹಾಗೆ ಹೇಳಿದ ಬಾಯಿಂದಲೇ ಮೊದಲ ಸ್ಥಾನ ಬಂದರೆ ಗಡಿಯಾರ ಕೊಡಿಸುವೆನೆನ್ನುತ್ತೇವೆ. ಮೊದಲ ಸ್ಥಾನವು ಒಬ್ಬನಿಗೆ ಮಾತ್ರ. ಉಳಿದ ನಲವತ್ತೊಂಬತ್ತು ಮಕ್ಕಳು ಆ ದಿನ ಏನನ್ನು ಕಲಿತು ಮನೆಗೆ ಬರುತ್ತಾರೆಂಬುದು ಪ್ರಶಸ್ತಿಸಭೆಯಲ್ಲಿ ಚಪ್ಪಾಳೆಯಿಡುವವರ ಗಮನಕ್ಕೆ ಬರುವುದಿಲ್ಲ.

ಶಾಲೆಯಲ್ಲಿ ಕೊಡುವುದೆಲ್ಲವೂ ಆಮಿಷವೆಂದು ಯಾರೂ ಭ್ರಮಿಸಬಾರದು. ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಮಧ್ಯಾಹ್ನದ ಊಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂಬ ಹೆಸರನ್ನಿಟ್ಟವರು ತಿಳಿದೇ ಇಟ್ಟರೆಂದು ತೋರುತ್ತದೆ. ಆ ಅನ್ನವು ಜಾಣನಿಗೂ ಉಂಟು, ದಡ್ಡನೆನಿಸಿಕೊಂಡವನಿಗೂ ಉಂಟು. ಪಂಕ್ತಿಯಲ್ಲಿ ಕುಳಿತವನನ್ನು ಎಷ್ಟು ಅಂಕವೆಂದು ಯಾರೂ ಕೇಳುವುದಿಲ್ಲ. ಹಸಿವೆಂಬ ಅಡ್ಡಿಯನ್ನು ತೆಗೆಯುವುದು ಬೇರೆ, ಕಲಿಕೆಗೆ ಬೆಲೆ ಕಟ್ಟುವುದು ಬೇರೆ.

ಹುಡುಗನ ಪ್ರಶ್ನೆಗೆ ಆ ದಿನ ನಾನು ಉತ್ತರ ಕೊಡಲಿಲ್ಲ. ಪುಸ್ತಕವನ್ನು ತೆರೆದು ನಾನೇ ಗಟ್ಟಿಯಾಗಿ ಓದತೊಡಗಿದೆನು. ಎರಡನೆಯ ಪುಟಕ್ಕೆ ಅವನು ಸಮೀಪಕ್ಕೆ ಬಂದು ಕುಳಿತನು. ಕಳ್ಳನು ಬಾವಿಗಿಳಿದ ಸಂದರ್ಭದಲ್ಲಿ ಯಾರೋ ಬಾಗಿಲಲ್ಲಿ ಕೂಗಿದುದರಿಂದ ಎದ್ದುಹೋದೆನು. ತಿರುಗಿ ಬಂದಾಗ ಪುಸ್ತಕವೂ ಇರಲಿಲ್ಲ, ಹುಡುಗನೂ ಇರಲಿಲ್ಲ. ಎಷ್ಟು ಓದಿದೆಯೆಂದು ನಾನು ಈವರೆಗೆ ಅವನನ್ನು ಕೇಳಿಲ್ಲ.