ಸೌರದೀಪವೂ ಶ್ರಾವಕನ ಮಿತಿಯೂ

ಮಾಳಿಗೆಯ ಮೇಲೆ ಸೌರಫಲಕ ಅಳವಡಿಸಿದ ಮಾತ್ರಕ್ಕೆ ಗೃಹಸ್ಥನ ಹಿಂಸಾದೋಷ ತಗ್ಗುವುದೇ? ಕಲ್ಲಿದ್ದಲನ್ನು ಅಗೆದು ಸುಡುವುದರಿಂದ ಪೃಥ್ವೀಕಾಯಿಕ, ಅಗ್ನಿಕಾಯಿಕ, ವಾಯುಕಾಯಿಕ ಜೀವಗಳಿಗಾಗುವ ಬಾಧೆ ಅಷ್ಟರಮಟ್ಟಿಗೆ ಕಡಿಮೆಯಾಗುವುದು ನಿಜ. 2024ರಲ್ಲಿ ಆರಂಭವಾದ ‘ಪಿಎಂ ಸೂರ್ಯಘರ್’ ಯೋಜನೆಯು 3 ಕಿಲೋವಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಿದ್ದರಿಂದ ಸಾಮಾನ್ಯ ಕುಟುಂಬಗಳಿಗೂ ಇದು ಎಟುಕುವಂತಾಯಿತು.

ಆದರೆ ವಹಿಯಲ್ಲಿ ಉಳಿತಾಯವಾದದ್ದೆಲ್ಲ ಧರ್ಮದ ಖಾತೆಗೆ ಜಮೆಯಾಗುವುದಿಲ್ಲ. ವಿದ್ಯುತ್ತು ಪುಕ್ಕಟೆಯೆಂದು ಮನೆಯಂಗಳದಲ್ಲಿ, ಬಸದಿಯ ಪ್ರಾಕಾರದಲ್ಲಿ ಇರುಳಿಡೀ ದೀಪ ಉರಿಸಿದರೆ, ಬೆಳಕಿಗೆ ಮುತ್ತಿ ಸಾಯುವ ಹುಳುಗಳಿಗೆ ಆ ವಿದ್ಯುತ್ತು ಸೂರ್ಯನದಾದರೇನು, ಕಲ್ಲಿದ್ದಲಿನದಾದರೇನು? ಗೃಹಕೃತ್ಯದ ಆರಂಭೀ ಹಿಂಸೆಯನ್ನು ಶ್ರಾವಕನು ಪೂರ್ತಿ ಬಿಡಲಾರನು. ನಿಷ್ಪ್ರಯೋಜಕ ಹಿಂಸೆಯನ್ನು ಬಿಡಬಲ್ಲನು. ಅನರ್ಥದಂಡವಿರತಿ ವ್ರತದ ಉದ್ದೇಶವೇ ಅದು.

ನಿರ್ವಹಣೆಯಲ್ಲಿಯೂ ಇದೇ ವಿವೇಕ ಬೇಕು. ಧೂಳು ಕವಿದ ಫಲಕವು ಕಡಿಮೆ ವಿದ್ಯುತ್ತನ್ನು ಕೊಡುತ್ತದೆ. ಬಿಸಿಲೇರುವ ಮುನ್ನ, ಫಲಕ ತಣ್ಣಗಿರುವಾಗ, ಸೋಸಿದ ಅಲ್ಪ ನೀರಿನಿಂದ ಮೃದುವಾದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಫಲಕಗಳ ಅಡಿಯಲ್ಲಿ ಪಾರಿವಾಳಗಳು ಗೂಡು ಕಟ್ಟುವುದುಂಟು. ಆದುದರಿಂದ ಅಳವಡಿಸುವ ದಿನವೇ ಸುತ್ತಲೂ ಜಾಲರಿ ಬಿಗಿಯುವುದು ಲೇಸು. ಗೂಡಿನಲ್ಲಿ ಮೊಟ್ಟೆಯಿದ್ದರೆ ಅದನ್ನು ಕೀಳುವುದು ತಿಳಿದೇ ಮಾಡಿದ ಹಿಂಸೆ. ಮೊಟ್ಟೆಯೊಡೆಯಲು ಸುಮಾರು 18 ದಿನ, ಮರಿ ಹಾರಲು ಮತ್ತೊಂದು ತಿಂಗಳು. ಅಷ್ಟು ಕಾಲದ ವಿದ್ಯುತ್ ನಷ್ಟವನ್ನು ಅಭಯದಾನವೆಂದೇ ಎಣಿಸಬೇಕು.

ಫಲಕ ಕೂರಿಸುವ ಮೊದಲೇ ಬಳಕೆಗೆ ಪರಿಮಾಣವನ್ನು ಗೊತ್ತುಮಾಡಿಕೊಂಡ ಮನೆಯೇ ಸೌರಶಕ್ತಿಯ ನಿಜವಾದ ಲಾಭವನ್ನು ಪಡೆಯುತ್ತದೆ.