ಒಲೆ ಮುಂದಿನ ಸಂಘ

ಸರ್ಕಾರಿ ಶಾಲೆಯ ಮೇಷ್ಟ್ರುಗಳಾದ ನಮಗೆ ಸಂಘವುಂಟು. ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸೋ ಅಕ್ಕನಿಗೆ ಬಹುಕಾಲ ಒಲೆಯೇ ಜೊತೆ.

ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾದದ್ದು 2002ರಲ್ಲಿ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಅಂತ 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2009ರಲ್ಲಿ ಕೇಂದ್ರ ಗೊತ್ತುಮಾಡಿದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ಅದನ್ನು ಸಂಬಳ ಅನ್ನೋ ಹಾಗಿಲ್ಲ, ‘ಗೌರವಧನ’ ಅನ್ನಬೇಕಂತೆ. ಸಂಬಳ ಅಂದರೆ ಕನಿಷ್ಠ ವೇತನದ ಲೆಕ್ಕ ಕೊಡಬೇಕಲ್ಲ!

ಈ ಅಕ್ಕಂದಿರು ಊರೂರು ಕೂಡಿ ಸಂಘ ಕಟ್ಟಿದರು, ಬೆಂಗಳೂರಲ್ಲಿ ಧರಣಿ ಕೂತರು. ಗೌರವಧನ ಅಷ್ಟಿಷ್ಟು ಏರಿತು. ಅದು ಸಣ್ಣ ಗೆಲುವಲ್ಲ.

ಆದರೂ ಒಂದು ಪ್ರಶ್ನೆ ಉಳಿದಿದೆ. ದಲಿತ ಅಕ್ಕ ಬೇಯಿಸಿದ ಅನ್ನ ಬೇಡ ಅಂತ ಊರವರು ಮಕ್ಕಳನ್ನು ಎಬ್ಬಿಸಿಕೊಂಡು ಹೋದ ದಿನ, ಅದೇ ಸಂಘದ ಮೇಲ್ಜಾತಿಯ ಅಕ್ಕ ಎಲ್ಲಿರುತ್ತಾಳೆ? ಧರಣಿಯಲ್ಲಿ ಪಕ್ಕ ಕೂತವಳು ಅವಳ ಕೈಯಡುಗೆ ಉಣ್ಣುತ್ತಾಳೋ? ಲಾಭ ಒಂದಾದಾಗ ವ್ಯಾಪಾರಿಗಳೂ ಕೂಡುತ್ತಾರೆ. ಇನ್ನೊಬ್ಬಳ ಅವಮಾನ ತನ್ನದೂ ಅಂತ ಎದ್ದುನಿಂತರೆ ಅದು ಸಂಘ.

ಅವರನ್ನು ಕೇಳೋ ಮೊದಲು ನಾವೇ ಉತ್ತರ ಕೊಡಬೇಕು. ಅಂಥ ದಿನ ಮೇಲಿನ ಆದೇಶ ಕಾಯುತ್ತಾ ಆಫೀಸು ಕೋಣೆಯಲ್ಲಿ ಕೂತವರು ನಾವೇ ಅಲ್ಲವೇ? ಮೇಷ್ಟ್ರುಗಳೇ, ತಟ್ಟೆ ಹಿಡಿದು ಸಾಲಿನಲ್ಲಿ ಮೊದಲು ಕೂರೋಣ.