ನಿಮಿತ್ತನ ಋಣ

ಚಳ್ಳಕೆರೆ, ಮೊಳಕಾಲ್ಮೂರುಗಳ ಕಡೆ ಹಾದುಹೋದವರು, ಹಾದಿಯ ಇಕ್ಕೆಲದ ಕಲ್ಲುನೆಲದಲ್ಲಿ ಹಳದಿಯಾಗಿ ಅರಳಿ ನಿಂತ ತಂಗಡಿಯ ಪೊದೆಗಳನ್ನು ಕಾಣದೆ ಇರಲಾರರು. ಕೆಲವು ಸೀಮೆಗಳಲ್ಲಿ ಆವರಿಕೆಯೆಂದು ಕರೆಯಿಸಿಕೊಳ್ಳುವ ಈ ಗಿಡವನ್ನು ಅಲ್ಲಿ ಬಿತ್ತಿದವರಿಲ್ಲ, ನೀರೆರೆದವರಿಲ್ಲ. ಇದರ ತೊಗಟೆಯಿಂದ ತೊಗಲು ಹದಮಾಡಿಕೊಂಡವರೂ, ತೆಲಂಗಾಣದಲ್ಲಿ ಬತುಕಮ್ಮನ ಹಬ್ಬಕ್ಕೆಂದು ಇದರ ಹೂಗಳನ್ನು ಬುಟ್ಟಿಬುಟ್ಟಿಯಾಗಿ ಕೊಯ್ದವರೂ ಇದರಿಂದ ಪಡೆದರೇ ಹೊರತು ಇದಕ್ಕೆ ಏನನ್ನೂ ಕೊಟ್ಟವರಲ್ಲ. ತುಂಬೆ, ಎಕ್ಕ, ದತ್ತೂರಗಳ ಮಾತೂ ಅಷ್ಟೆ. ಪಾಳುನೆಲದ ಈ ಹೂಗಳನ್ನೇ ಶಿವನಿಗೆ ಪ್ರಿಯವೆಂದು ಎತ್ತಿಟ್ಟ ನಮ್ಮ ಸಂಪ್ರದಾಯದಲ್ಲಿ, ಮನುಷ್ಯನ ಕೃಷಿಗೆ ಒಳಪಡದುದರ ಮೇಲಣ ಒಂದು ಗೌರವ ಅಡಗಿದೆಯೆಂದು ನನಗೆ ತೋರುತ್ತದೆ. ವಾನಪ್ರಸ್ಥನು ನೇಗಿಲು ತಾಗಿದ ನೆಲದ ಬೆಳೆಯನ್ನು ಉಣ್ಣಲಾಗದೆಂದು ಮನುಸ್ಮೃತಿಯು ವಿಧಿಸುವುದರಲ್ಲಿಯೂ, ಋಷಿಪಂಚಮಿಯ ವ್ರತದವರು ಎತ್ತು ಉಳದ ನೆಲದ ಆಹಾರವನ್ನೇ ಅರಸುವುದರಲ್ಲಿಯೂ ಇರುವುದು ಇದೇ ಭಾವ.

ಆದರೆ ಪಾಳುನೆಲವೆಂಬುದೇ ಉಳಿಯದ ಊರುಗಳಲ್ಲಿ, ನೀರಿನ ಅಭಾವಕ್ಕೆ ಅಂಜಿ ಗುಲಾಬಿ, ಹುಲ್ಲುಹಾಸುಗಳ ಹಂಬಲ ಬಿಟ್ಟವರು, ಈಗ ಇದೇ ತಂಗಡಿಯನ್ನೂ ಶಂಖಪುಷ್ಪವನ್ನೂ ಗೌರಿಹೂವನ್ನೂ ನೆರಳುಪರದೆಯ ಹಸಿರುಮನೆಗಳಲ್ಲಿ ಒಟ್ಟಲು ಹಾಕಿ ಎಬ್ಬಿಸತೊಡಗಿದ್ದಾರೆ. ಹೀಗೆ ಎಬ್ಬಿಸಿದ ಹೂ ದೇವರಿಗೆ ಸಲ್ಲುವುದೇ ಎಂಬ ಪ್ರಶ್ನೆಯನ್ನು ಶಾಸ್ತ್ರಿಗಳಿಗೆ ಬಿಡೋಣ. ಸಲ್ಲುವುದೆಂದೇ ನನ್ನ ನಂಬಿಕೆ. ನನ್ನನ್ನು ಕಾಡುವುದು ಇನ್ನೊಂದು: ಯಾರೂ ಬೆಳೆಸದೆ ಬೆಳೆಯತಕ್ಕುದನ್ನು ಬೆಳೆಸಹೊರಟವನು ಅಲ್ಲಿ ಮಾಡುವುದಾದರೂ ಏನು, ಮತ್ತು ಮಾಡಿದುದಕ್ಕೆ ಅವನು ಎಷ್ಟರಮಟ್ಟಿಗೆ ಹೊಣೆ?

ತಂಗಡಿಯ ಒಣಗಿದ ಚಪ್ಪಟೆ ಕಾಯನ್ನು ಬಿಡಿಸಿದರೆ, ಉಗುರಿಗೆ ಜಗ್ಗದ ಕಂದು ಬೀಜಗಳು ಕೈಗೆ ಉದುರುತ್ತವೆ. ಅವನ್ನು ಒಂದು ಬಟ್ಟಲು ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು ಬೆಳಗಾಗ ನೋಡಿದರೆ, ಬಹುಪಾಲು ಬೀಜಗಳು ಹರಳುಗಳಂತೆ ಹಾಕಿದ ಹಾಗೆಯೇ ಇರುತ್ತವೆ. ನೀರು ಸುತ್ತಲೂ ಇದ್ದು ಒಳಗೆ ಹೋಗಲಾರದು; ಹೊರಸಿಪ್ಪೆಯಲ್ಲಿ ಒತ್ತೊತ್ತಾಗಿ ನಿಂತ ಕೋಶಗಳ ಸಾಲೊಂದು ಅದನ್ನು ತಡೆದು ನಿಲ್ಲಿಸಿದೆ. ಬಲ್ಲವರು ಮಾಡುವುದು ಇಷ್ಟೆ: ತೊಟ್ಟು ಅಂಟಿದ್ದ ಗುರುತಿನ ಪಕ್ಕಕ್ಕೆ ಮೊಳಕೆಯ ತುದಿ ಇರುವುದರಿಂದ ಆ ಭಾಗವನ್ನು ಮುಟ್ಟದೆ, ಎದುರುಬದಿಯನ್ನು ಬಡಗಿಯ ಮರಳುಕಾಗದದ ಮೇಲೆ ಮೆಲ್ಲಗೆ ಉಜ್ಜಿ, ಕಂದು ಬಣ್ಣದ ಕೆಳಗಿನಿಂದ ತಿಳಿಯಾದ ಒಂದು ಗೆರೆ ಕಾಣಿಸಿಕೊಂಡೊಡನೆ ಕೈ ತಡೆಯುತ್ತಾರೆ. ಅದೇ ಬಟ್ಟಲಿನ ಅದೇ ನೀರಿನಲ್ಲಿ ಅದೇ ಬೀಜ ಮರುದಿನಕ್ಕೆ ಉಬ್ಬಿ ಮೆತ್ತಗಾಗುತ್ತದೆ. ನೀರನ್ನು ಯಾರೂ ಒಳಗೆ ನೂಕಲಿಲ್ಲ. ಮೊಳಕೆಯನ್ನು ಯಾರೂ ಹೊರಗೆ ಎಳೆಯಲಿಲ್ಲ.

ಬೀಜವೆಂದೊಡನೆ ಉದ್ದಾಲಕನು ಮಗನಿಂದ ಒಡೆಯಿಸಿದ ಆಲದ ಬೀಜವನ್ನು ನೆನೆಯುವುದು ವಾಡಿಕೆ. ನನಗೆ ಅದಕ್ಕಿಂತ ಹತ್ತಿರವಾದವನು ಪತಂಜಲಿಯ ಯೋಗಸೂತ್ರದ ಕೈವಲ್ಯಪಾದದಲ್ಲಿ ಬರುವ ಹೆಸರಿಲ್ಲದ ಒಬ್ಬ ಒಕ್ಕಲಿಗ. ಆತನು ನೀರನ್ನು ಕೈಯಲ್ಲಿ ಹೊತ್ತು ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಸಾಗಿಸುವವನಲ್ಲ. ನಡುವಣ ಬದುವನ್ನು ಕಡಿಯುತ್ತಾನೆ, ನೀರು ತಾನಾಗಿ ಹರಿಯುತ್ತದೆ. ಭೂಮಿಯ ರಸವನ್ನು ಪೈರಿನ ಬೇರಿಗೆ ತುಂಬುವುದೂ ಅವನಿಂದ ಆಗದು. ಕಳೆ ಕಿತ್ತು ಸುಮ್ಮನಾಗುತ್ತಾನೆಂದು ಭಾಷ್ಯಕಾರನಾದ ವ್ಯಾಸನು ಮಾತನ್ನು ಬೆಳೆಸುತ್ತಾನೆ. ನಿಮಿತ್ತವು ಪ್ರಕೃತಿಯನ್ನು ನಡೆಸುವುದಿಲ್ಲ, ಅಡ್ಡವಾಗಿದ್ದ ಆವರಣವನ್ನು ಮುರಿಯುತ್ತದೆ, ಅಷ್ಟೆ ಎಂಬುದು ಅಲ್ಲಿಯ ಸಿದ್ಧಾಂತ. ಹಸಿರುಮನೆಯ ಮೇಜಿನ ಮೇಲೆ ಬೀಜ ಉಜ್ಜುವವನಿಗೆ ಇದಕ್ಕಿಂತ ಸರಿಯಾದ ವ್ಯಾಖ್ಯಾನ ಬೇಕಿಲ್ಲ.

ಸಿದ್ಧಾಂತವು ಎಷ್ಟು ನಿರ್ದುಷ್ಟವಾಗಿ ಕಂಡರೂ, ಅದರಿಂದ ದೊರೆಯುವ ನೆಮ್ಮದಿ ನನಗೆ ಸ್ವಲ್ಪ ಸುಲಭದ್ದೆನಿಸುತ್ತದೆ. ನಾನು ನಿಮಿತ್ತಮಾತ್ರ ಎಂಬುದು ಗೀತೆಯ 11ನೆಯ ಅಧ್ಯಾಯದಿಂದ ಹೊರಟು ನಮ್ಮ ಸಭೆ ಸಮಾರಂಭಗಳ ವಂದನಾರ್ಪಣೆಯವರೆಗೆ ನಡೆದುಬಂದ ಮಾತು. ಬಹುಮಟ್ಟಿಗೆ ಅದು ಹೆಮ್ಮೆಯನ್ನು ಕಳೆಯುವುದಕ್ಕಿಂತ ಹೊಣೆಯನ್ನು ಕಳೆಯುವುದಕ್ಕೇ ಒದಗುತ್ತದೆ. ಬೀಜದ ವಿಷಯದಲ್ಲಾದರೋ, ನಾವು ಅಡ್ಡಿಯೆಂದು ಮುರಿದದ್ದು ಅಡ್ಡಿಯೇ ಆಗಿರಲಿಲ್ಲ. ಚೈತ್ರ ವೈಶಾಖಗಳಲ್ಲಿ ಅಶ್ವಿನಿಯ ಮಳೆಯೊಂದು ಅಡ್ಡಾದಿಡ್ಡಿಯಾಗಿ ಸುರಿದು, ಮತ್ತೆ ತಿಂಗಳುಗಟ್ಟಲೆ ಮುಗಿಲು ಬರಿದಾಗುವ ಸೀಮೆಯಲ್ಲಿ, ಆ ಒಂದು ಮಳೆಯನ್ನು ನಂಬಿ ಮೊಳೆತದ್ದು ಸತ್ತಿತೆಂದೇ ಲೆಕ್ಕ. ಹಗಲ ಕಾವು ಇರುಳ ತಂಪುಗಳ ಏರಿಳಿತದಿಂದ ಸಿಪ್ಪೆ ಸಡಿಲುವವರೆಗೆ ಬೀಜವನ್ನು ನೆಲದಲ್ಲಿ ಕಾಯಿಸಿ, ಅದೂ ಎಲ್ಲವನ್ನೂ ಒಟ್ಟಿಗೆ ಎಬ್ಬಿಸದೆ ಕೆಲವನ್ನು ಈ ವರ್ಷಕ್ಕೆ, ಕೆಲವನ್ನು ಮುಂದಿನದಕ್ಕೆ ಉಳಿಸಿಕೊಂಡು ಬಂದದ್ದು ಆ ಕವಚವೇ. ಮಳೆ ನಂಬಲಾಗದ ನೆಲದಲ್ಲಿ ತನ್ನ ಬೀಜಗಳನ್ನೆಲ್ಲ ಒಂದೇ ವರ್ಷ ಮೊಳೆಯಿಸಿಬಿಡುವ ಗಿಡದ ಸಂತತಿ ಕೊನೆಗೆ ಅಳಿಯುವುದೆಂಬುದನ್ನು ಡ್ಯಾನ್ ಕೋಹೆನ್ ಎಂಬ ವಿಜ್ಞಾನಿ 1966ರಲ್ಲಿ ಗಣಿತದಿಂದಲೇ ತೋರಿಸಿದನು. ಆವರಣವೆಂದರೆ ಹರಿಯತಕ್ಕದ್ದೇ ಎಂದು ಎಣಿಸುವ ನಮ್ಮ ವೇದಾಂತದ ಅಭ್ಯಾಸಕ್ಕೆ ಇಲ್ಲಿ ತುಸು ತಡೆ ಬೇಕು.

ಹೀಗಿರಲಾಗಿ, ಮರಳುಕಾಗದ ಹಿಡಿದವನು ಬೀಜದಿಂದ ಅದರ ಕಾಯುವ ಶಕ್ತಿಯನ್ನು ಕಸಿದುಕೊಂಡಿದ್ದಾನೆ. ನೀರು ಕುಡಿದು ಉಬ್ಬಿದ ಬೀಜಕ್ಕೆ ಹಿಂದಿರುಗುವ ದಾರಿಯಿಲ್ಲ. ಇನ್ನು ಋತುವಿನ ಕೆಲಸವನ್ನು ಅವನೇ ನಡೆಸತಕ್ಕದ್ದು. ಕವಚಕ್ಕೆ ತಿಳಿದಿದ್ದ ಅಳತೆ ಅವನ ಕೈಗೆ ತಿಳಿಯದು: ನೀರು ಕಡಮೆಯಾದರೆ ಬೇರು ಒಣಗೀತು, ಹೆಚ್ಚಾದರೆ, ಗಾಳಿಯಾಡದ ಹಸಿರುಮನೆಯ ತೇವದಲ್ಲಿ, ನಿನ್ನೆ ನೆಟ್ಟಗೆ ನಿಂತಿದ್ದ ಎಳೆಸಸಿ ಮಣ್ಣಿನ ಮಟ್ಟದಲ್ಲಿ ದಾರದಷ್ಟು ಸಣ್ಣಗಾಗಿ, ಎಲೆ ಇನ್ನೂ ಹಸಿರಾಗಿರುವಾಗಲೇ ಬುಡಕೊಳೆಗೆ ಸಿಕ್ಕಿ ಒರಗುತ್ತದೆ. ಬರಗಾಲದ ಗಿಡ ಮೇಲಕ್ಕೆ ಬೆಳೆಯುವ ಮೊದಲು ಕೆಳಕ್ಕೆ ಬೆಳೆಯುವುದಾದ್ದರಿಂದ, ಗಿಡ್ಡ ಕುಂಡದಲ್ಲಿಟ್ಟರೆ ತಾಯಿಬೇರು ಸುರುಳಿ ಸುತ್ತಿಕೊಂಡು ಮುಂದೆ ಎಂದೂ ನೆಲಕ್ಕೆ ನೇರವಾಗಿ ಇಳಿಯದು. ಉದ್ದನೆಯ ಚೀಲವನ್ನೇ ಹುಡುಕಬೇಕು. ಕೊನೆಗೆ ವಾರ ಹತ್ತು ದಿನಗಳ ಕಾಲ ದಿನಕ್ಕಿಷ್ಟು ಬಿಸಿಲಿಗೆ ಹೆಚ್ಚಿಸಿ, ನೀರು ತಗ್ಗಿಸಿ, ತಾನೇ ಕೊಟ್ಟ ಸೌಖ್ಯವನ್ನು ತಾನೇ ಹಿಂತೆಗೆದುಕೊಳ್ಳಬೇಕು. ಈ ಹಿಂತೆಗೆಯುವ ಕೆಲಸವೇ ಕೈಗೆ ಒಗ್ಗದ್ದು.

ಮನುಷ್ಯರ ನಡುವೆಯೂ ಆವರಣ ಮುರಿಯುವವರುಂಟು. ಗುರುಗಳೆಂದು ಅವರನ್ನು ಕರೆಯುತ್ತೇವೆ. ಅಧಿಕಾರಿಯಲ್ಲದವನಿಗೆ ರಹಸ್ಯವನ್ನು ಹೇಳಲಾಗದೆಂಬ ನಿಯಮದಲ್ಲಿ ಕವಚದ ಗುಣವನ್ನು ಬಲ್ಲ ವಿವೇಕವೊಂದು ಇದ್ದಿರಬಹುದು. ಅದನ್ನು ಹುಟ್ಟಿನ ಬೇಲಿಯಾಗಿ ಮಾಡಿಕೊಂಡವರು ಆ ವಿವೇಕಕ್ಕೇ ಕಳಂಕ ತಂದರು. ತಿರುಕ್ಕೋಷ್ಟಿಯೂರಿನ ಗೋಪುರವನ್ನೇರಿ, ಗುರುವು ಗುಟ್ಟಾಗಿ ಕೊಟ್ಟ ಮಂತ್ರವನ್ನು ರಾಮಾನುಜರು ನೆರೆದವರಿಗೆಲ್ಲ ಸಾರಿದರೆಂದು ಗುರುಪರಂಪರೆಯ ಕಥೆ ಹೇಳುತ್ತದೆ. ಅವರ ಔದಾರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ನನ್ನ ಮನಸ್ಸು ನಿಲ್ಲುವುದು ಕಥೆಯ ಮುಂದಿನ ಭಾಗದಲ್ಲಿ. ಇದರಿಂದ ನರಕವಾದೀತೆಂದು ಗುರುವು ಎಚ್ಚರಿಸಿದಾಗ, ಇಷ್ಟು ಜನ ಉದ್ಧಾರವಾಗುವುದಾದರೆ ಆ ನರಕ ತನಗಿರಲೆಂದು ಅವರು ಒಪ್ಪಿಕೊಂಡರಂತೆ. ಬದುವನ್ನು ಕಡಿದವರು ನಿಮಿತ್ತಮಾತ್ರನೆಂದು ಜಾರಿಕೊಳ್ಳಲಿಲ್ಲ. ಹರಿದ ನೀರಿನ ಲೆಕ್ಕವನ್ನು ತಮ್ಮ ಹೆಸರಿಗೇ ಬರೆಯಿಸಿಕೊಂಡರು.

ತೋಟಗಾರನಿಗೆ ನರಕದ ಭಯವೇನೂ ಇಲ್ಲದಿದ್ದರೂ, ತನ್ನಿಂದ ಆರೈಕೆ ಮಾಡಲಾಗುವಷ್ಟು ಬೀಜಗಳನ್ನು ಮಾತ್ರ ಉಜ್ಜುವುದು ಅವನಿಗೆ ಮೇಲು. ಉಳಿದವನ್ನು ಹಾಗೆಯೇ ಬೇಲಿಯ ಬುಡದ ಕಲ್ಲುಮಣ್ಣಿನಲ್ಲಿ ಎರಚಿ ಬಂದರೆ, ಅವುಗಳಲ್ಲಿ ಕೆಲವನ್ನು ಇರುವೆ ಒಯ್ಯುವುದು, ಕೆಲವು ಬರುವ ಮುಂಗಾರಿಗೋ ಅದರ ಮರುವರ್ಷಕ್ಕೋ ಏಳುವುವು, ಕೆಲವು ಏಳಲಾರವು. ಅವುಗಳ ಲೆಕ್ಕವನ್ನು ಅವನು ಯಾರಿಗೂ ಒಪ್ಪಿಸಬೇಕಾಗಿಲ್ಲ.